ಮನೆಗೆ ಬಂದ ಪ್ರೈಜ್ ಡಬ್ಬ

“ಅಮ್ಮಾ, ನಿಲ್ಸು. ಈ ಡಬ್ಬ ನಮ್ಮ ಸ್ಕೂಲಿಂದು!”

ಅಮ್ಮನ ಕೈ ನಿಲ್ಲಲಿಲ್ಲ. ಒಲೆಯ ಮೇಲಿನ ಹಳೇ ಹೆಂಚಿನಲ್ಲಿ ಕಂಪ್ಯೂಟರಿನ ಬೋರ್ಡೊಂದು ಕಾಯುತ್ತಿತ್ತು. ಬೆಸುಗೆಯ ಸೀಸ ಕರಗುತ್ತಿದ್ದಂತೆ ಇಕ್ಕಳದಿಂದ ಚಿಪ್ ಒಂದೊಂದೇ ಕಿತ್ತು ಬಟ್ಟಲಿಗೆ ಹಾಕುವುದು ಅವಳ ಕೆಲಸ. ಮೂಲೆಯ ತೊಟ್ಟಿಲಲ್ಲಿ ತಮ್ಮ ಕೆಮ್ಮುತ್ತಿದ್ದ.

ಡಬ್ಬವನ್ನು ತಿರುಗಿಸಿದಳು ಪಟಾಕಿ. ಮನೆಯವರು ಮಗಳನ್ನು ಕರೆಯುವುದೇ ಹಾಗೆ. ಡಬ್ಬದ ಮೇಲೆ ‘ಐದನೇ ಕ್ಲಾಸ್’ ಎಂದಿತ್ತು, ಅವಳದೇ ಅಕ್ಷರ. ಕೆಟ್ಟ ಮೊಬೈಲು, ಚಾರ್ಜರು, ಕೀಬೋರ್ಡು ಕೇಳುತ್ತ ಕಾಲು ಬಿದ್ದುಹೋಗುವಷ್ಟು ಅಲೆದಿದ್ದಳು. ಹೆಚ್ಚು ಇ-ಕಸ ತಂದ ಕ್ಲಾಸೆಂದು ಸ್ಕೂಲಲ್ಲಿ ಫಸ್ಟ್ ಪ್ರೈಜ್ ಬಂದಿತ್ತು.

“ಇದೆಲ್ಲ ಫ್ಯಾಕ್ಟರಿಗೆ ಹೋಗತ್ತೆ ಅಂದಿದ್ರು ಮಿಸ್ಸು. ಅಲ್ಲಿ ಎಲ್ಲರಿಗೂ ಮಾಸ್ಕ್ ಇರತ್ತಂತೆ. ಈ ಹೊಗೆ ವಿಷ ಕಣಮ್ಮ, ಪಾಪುಗಳಿಗಂತೂ ತುಂಬಾ ಕೆಟ್ಟದ್ದಂತೆ.”

“ಇದೇ ಕಣೇ ಫ್ಯಾಕ್ಟರಿ,” ಎಂದಳು ಅಮ್ಮ. “ಮ್ಯಾನೇಜರ್ ತೊಟ್ಟಿಲಲ್ಲಿದ್ದಾನೆ, ನೋಡು.”

ಪಟಾಕಿಗೆ ನಗು ಬರಲಿಲ್ಲ. ಮಾರನೇ ದಿನ ಮಿಸ್ಸಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಮಿಸ್ಸಿನ ಮುಖ ಬಿಳಚಿಕೊಂಡಿತು. “ಹೇಳಿ ಒಳ್ಳೇದು ಮಾಡಿದೆ. ಇನ್ಮೇಲೆ ಆ ಡಬ್ಬ ನಿಮ್ಮನೆಗೆ ಬರದ ಹಾಗೆ ನೋಡ್ಕೋತೀನಿ.”

ಮಿಸ್ಸು ಮಾತು ಉಳಿಸಿಕೊಂಡರು. ಸ್ಕೂಲಿನ ಡಬ್ಬಗಳನ್ನು ಕೊಂಡು ಅಮ್ಮನಿಗೆ ತಂದುಹಾಕುತ್ತಿದ್ದ ಗುಜರಿ ಮಾಮ ಸಂಜೆಗೇ ಬಂದು ಡಬ್ಬಗಳನ್ನೆಲ್ಲ ಗಾಡಿಗೆ ಹೇರಿದ. “ನಿಮ್ಮನೆಗೆ ಕೊಡಲೇಬಾರದಂತೆ ಅಕ್ಕ. ಸ್ಕೂಲಲ್ಲಿ ನನಗೆ ಮಂಗಳಾರತಿ ಆಯ್ತು. ಯಾರು ಬಾಯಿಬಿಟ್ಟರೋ.”

ಅಮ್ಮ ಪಟಾಕಿಯ ಕಡೆ ನೋಡಿ, ಖಾಲಿ ಹೆಂಚನ್ನು ಒಲೆಯಿಂದ ಇಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಪಟಾಕಿಗೆ. ಮರುದಿನದಿಂದ ಅಮ್ಮ ಕೆಲಸ ಹುಡುಕಿಕೊಂಡು ಬೀದಿ ಬೀದಿ ತಿರುಗತೊಡಗಿದಳು.

ಹೋಗಲಿ, ತಮ್ಮನ ಕೆಮ್ಮಾದರೂ ನಿಲ್ಲುತ್ತದಲ್ಲ. ಅದೊಂದೇ ಸಮಾಧಾನ. ಮೂರು ದಿನ ಅವನು ನಿಜಕ್ಕೂ ಚೆನ್ನಾಗಿ ನಿದ್ದೆ ಮಾಡಿದ.

ನಾಲ್ಕನೇ ದಿನ ಮತ್ತೆ ಕೆಮ್ಮಿದ. ಅದೇ ವಾಸನೆ. ಪಟಾಕಿ ಕಿಟಕಿಯಿಂದ ಇಣುಕಿದಳು. ಕೈಚಾಚಿದರೆ ಸಿಗುವಷ್ಟು ಹತ್ತಿರ ಹಿಂದಿನ ಮನೆಯ ಬಾಗಿಲು. ಒಳಗೆ ಅಲ್ಲಿಯ ಅತ್ತೆ ಹೆಂಚಿನ ಮುಂದೆ ಕೂತಿದ್ದಳು. ಮಡಿಲಲ್ಲಿ ಮಗು.

“ನಿಮ್ಮಮ್ಮ ಬಿಟ್ಟ ಕೆಲಸ ನಮಗೆ ಬಂತು ಕಣೇ,” ಎಂದಳು ಅತ್ತೆ, ಖುಷಿಯಿಂದ.

“ಪಾಪುನ ದೂರ ಮಲಗಿಸಿ ಅತ್ತೆ.”

“ಎಲ್ಲಿ ಮಲಗಿಸಲಿ? ಇರೋದೊಂದೇ ರೂಮು.”

ಮಗು ಕೆಮ್ಮಿತು. ನಾನೇ ಅಲ್ಲವೇ ಈ ಹೊಗೆಯನ್ನು ಅಲ್ಲಿಗೆ ಕಳಿಸಿದ್ದು, ಎಂದುಕೊಂಡಳು ಪಟಾಕಿ. ಕಿಟಕಿಯಿಂದ ಎರಡೂ ಕೈ ಚಾಚಿದಳು.

“ಇಲ್ಲಿ ಕೊಡಿ. ನಾನು ನೋಡ್ಕೋತೀನಿ.”

ಮಗುವನ್ನು ಕಿಟಕಿಯಿಂದಲೇ ಎತ್ತಿಕೊಂಡು ತಮ್ಮನ ಪಕ್ಕ ಮಲಗಿಸಿದಳು. ಕಿಟಕಿ ಭದ್ರವಾಗಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದಳು. ಆದರೂ ಹೊಗೆ ಎಲ್ಲಿಂದಲೋ ನುಸುಳುತ್ತಲೇ ಇತ್ತು; ಒಂದು ಮಗು ಕೆಮ್ಮಿ ಮುಗಿಸಿದರೆ ಇನ್ನೊಂದು ಕೆಮ್ಮುತ್ತಿತ್ತು. ಪಟಾಕಿ ಇನ್ನೊಂದು ಬಟ್ಟೆ ಹುಡುಕತೊಡಗಿದಳು.