ಫ್ರೀಜರಿನಿಂದ ಹೋದ ಮಾಸು

2005ರ ಜೂನ್ 14. ಬೆಳಿಗ್ಗೆ ಒಂಬತ್ತಕ್ಕೆ ಉಪ್ಪಲ್ ಕಡೆಯ ಖಾಸಗಿ ಹೆರಿಗೆ ಆಸ್ಪತ್ರೆಯ ಸಂಶೋಧಕಿ ಡಾ. ಶ್ರೀವಿದ್ಯಾ ಠಾಣೆಗೆ ಬಂದು ದೂರು ಕೊಟ್ಟರು. ಪ್ರಯೋಗಾಲಯದ ಫ್ರೀಜರಿನಿಂದ ಆರು ಮಾಸುಗಳಿದ್ದ ಡಬ್ಬಿ ಕಳುವಾಗಿತ್ತು.

ಆಕೆ ಮೈಸೂರಿನವರೆಂದು ತಿಳಿದು ಇನ್‌ಸ್ಪೆಕ್ಟರ್ ಅಮರಯ್ಯ ತೆಲುಗು ಬಿಟ್ಟು ಕನ್ನಡಕ್ಕೆ ಹೊರಳಿದರು. "ಕೂಸಿನ ಹಿಂದ ಬರೋ ಮಾಸು ಯಾರಿಗೆ ಬೇಕ್ರಿ ಡಾಕ್ಟರಮ್ಮ?"

"ನನಗೆ ಬೇಕು. ಅವಧಿಗೆ ಮುಂಚೆ ಹೆರಿಗೆ ಆಗೋ ಹಾಗಿದ್ರೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡ್ತೀವಿ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತೆ. ಆದರೆ ಹೊರಗೆ ಸಿಗುವ ಆಮ್ಲಜನಕವೇ ಅಂಥ ಮಗುವಿನ ಜೀವಕೋಶಗಳನ್ನ ಕೆಡಿಸುತ್ತೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಇಂಜೆಕ್ಷನ್ ಆ ತುಕ್ಕನ್ನೂ ತಡೆಯುತ್ತಾ ಅಂತ ಮಾಸಿನಲ್ಲಿ ನೋಡ್ತಿದ್ದೆ. ಐಸ್ ಕರಗಿದರೆ ಎರಡು ವರ್ಷದ ಕೆಲಸ ಹೋಯ್ತು."

ಎಫ್‌ಐಆರ್ ದಾಖಲಾಯಿತು.

"ಸರ್, ಈ ಊರಾಗ ಲ್ಯಾಪ್‌ಟಾಪ್ ಕಳ್ಳರನ್ನ ಹಿಡಿದು ಹಿಡಿದು ಸಾಕಾಗಿತ್ತು," ಎಂದ ಕಾನ್‌ಸ್ಟೇಬಲ್ ಮಲ್ಲಣ್ಣ. "ಇದು ಹೊಸಾದು ನೋಡ್ರಿ."

ಆಸ್ಪತ್ರೆಗೆ ಹೋಗಿ ನೋಡಿದರೆ ಪ್ರಯೋಗಾಲಯದ ಬೀಗ ಮುರಿದಿರಲಿಲ್ಲ. ಕಸ ಗುಡಿಸುವಾಗ ಬಾಗಿಲು ತೆರೆದಿರುತ್ತಿತ್ತು. ಫ್ರೀಜರಿನ ಹಿಡಿಕೆಗೆ ಅರಿಶಿನ ಮೆತ್ತಿತ್ತು.

ಅಮರಯ್ಯ ಅದನ್ನು ಬೆರಳಿನಲ್ಲಿ ಉಜ್ಜಿ ಮೂಸಿದರು. ಅವರ ಊರು ಸೇಡಂನಲ್ಲಿ ಕಿರಿಯ ತಮ್ಮ ಹುಟ್ಟಿದ ದಿನ ಅಜ್ಜಿ ಬಚ್ಚಲ ಹಿಂದೆ ಗುಂಡಿ ತೋಡಿ, ಅರಿಶಿನ ಹಚ್ಚಿದ ಮಾಸನ್ನು ಹೂತು, ನಾಯಿ ಕೆದರದಂತೆ ಕೋಲು ಹಿಡಿದು ಕೂತಿದ್ದಳು. ಆಗ ಹುಟ್ಟಿದ ಪ್ರತಿ ಕೂಸಿಗೂ ಒಂದು ಬೊಗಸೆ ನೆಲವಿತ್ತು. ಕಿಟಕಿಯಾಚೆ ಐಟಿ ಪಾರ್ಕಿಗೆ ಅಡಿಪಾಯ ತೋಡುತ್ತಿದ್ದರು.

ಅವರು ನರ್ಸ್ ವರ್ಷಾಳತ್ತ ತಿರುಗಿದರು. "ಮಾಸು ಕೊಡ್ರಿ ಅಂತ ಯಾರಾದರೂ ಕೇಳಿದ್ರೇನು?"

"ಜಯಮ್ಮ ಅಂತ ಒಬ್ಬ ಅಜ್ಜಿ, ದಿನಾ ಕೇಳ್ತಿದ್ರು. ಮೊಮ್ಮಗಳು ಏಳನೇ ತಿಂಗಳಿಗೆ ಹುಟ್ಟಿ ಗಾಜಿನ ಪೆಟ್ಟಿಗ್ಯಾಗ ಐತಿ. 'ಸಂಶೋಧನೆಗೆ ಅಂತ ನಿಮ್ಮ ಅಳಿಯ ಸಹಿ ಮಾಡಿ ಕೊಟ್ಟಾರ' ಅಂದೆ. 'ಅವನೇನು ಹಡೆದಾನೇನು?' ಅಂದ್ರು."

"ಮನೆ ಎಲ್ಲಿ?"

"ಅಳಿಯಂದು ನಾಕನೇ ಮಹಡಿ ಫ್ಲ್ಯಾಟು. ಅಜ್ಜಿ ಕಾಚಿಗೂಡದ ಹಳೇ ವಠಾರದಾಗ ಇರ್ತಾರ."

"ಹಂಗಾರ ಕಾಚಿಗೂಡ. ಮಣ್ಣು ಅಲ್ಲೇ ಐತಿ."

ಜೀಪು ಹೊರಟಿತು. ಶ್ರೀವಿದ್ಯಾ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದರು. ವಠಾರದ ಬಚ್ಚಲ ಹಿಂದೆ, ಸಾಲಾಗಿಟ್ಟ ಕಲ್ಲುಗಳ ಪಕ್ಕ ಜಯಮ್ಮ ಇದ್ದಳು.

"ಡಬ್ಬಿ ತಂದೋರು ನೀವೇನ್ರಿ?"

"ಹೌದ್ರಿ ಸಾಹೇಬ್ರ."

"ಯಾಕ?"

"ಮಾಸು ಐಸಿನ್ಯಾಗ ಇಟ್ಟರ ಕೂಸು ಹೆಂಗ ಬೆಚ್ಚಗಾಗಬೇಕ್ರಿ? ಪೆಟ್ಟಿಗಿಗೆ ಎಷ್ಟು ದೀಪ ಹಚ್ಚಿದ್ರೂ ಅದರ ಕಾಲು ತಣ್ಣಗ ಇರ್ತಾವ."

"ಆರು ಯಾಕ್ರಿ?"

"ಚೀಟಿ ಓದಾಕ ಬರಲಿಲ್ಲ. ಬರದಿದ್ದದ್ದೂ ಚಲೋ ಆತು. ಉಳಿದ ಕೂಸುಗಳೂ ಅಲ್ಲೇ ಒದ್ದಾಡಾಕತ್ತಾವ."

ಮಧ್ಯಾಹ್ನ ಹನ್ನೆರಡಕ್ಕೆ ಪಂಚರ ಎದುರು ಆ ಕಲ್ಲುಗಳ ಕೆಳಗೆ ಅಗೆಸಿದರು. ಶ್ರೀವಿದ್ಯಾ ಮುಟ್ಟಿ ನೋಡಿ ಐಸ್ ಪೆಟ್ಟಿಗೆಯನ್ನು ಮುಚ್ಚಿದರು. ಎಲ್ಲವೂ ಕರಗಿದ್ದವು.

"ಅಜ್ಜಿ, ನಿಮ್ಮ ಮೊಮ್ಮಗಳು ಉಸಿರಾಡ್ತಿರೋದು ಅದರ ತಾಯಿಗೆ ನಾವು ಕೊಟ್ಟ ಇಂಜೆಕ್ಷನ್ನಿಂದ."

"ಇರಬೇಕವ್ವಾ. ನಿಂದು ನೀ ಮಾಡಿದಿ. ನಂದು ನಾ ಮಾಡಿದೆ."

ಬಂಧನದ ಸಮಯ ಬರೆದುಕೊಂಡು, ಜೀಪಿನಲ್ಲಿ ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಜಯಮ್ಮನ ಕೈ ಹಿಡಿದಳು. ಮುದುಕಿ ಹೊರಳಿ ಹೊರಳಿ ತೆರೆದ ಗುಂಡಿಗಳನ್ನೇ ನೋಡುತ್ತಿದ್ದಳು.

"ಸರ್, ಮಾಲು ಠಾಣೆಗೆ ಒಯ್ಯೋದೇನ್ರಿ? ಬಿಸಿಲಿಗೆ ನಾರತೈತಿ," ಎಂದ ಮಲ್ಲಣ್ಣ.

ಅಮರಯ್ಯ ಶ್ರೀವಿದ್ಯಾರ ಮುಖ ನೋಡಿದರು. ಆಕೆ ಗುಂಡಿಗಳತ್ತ ನೋಡಿ, ಆಗಲಿ ಎಂಬಂತೆ ನಿಧಾನವಾಗಿ ತಲೆಯಾಡಿಸಿದರು.

"ಬರಕೋ," ಎಂದರು ಅಮರಯ್ಯ. "ಕೆಡುವ ವಸ್ತುವಾದ್ದರಿಂದ, ದೂರುದಾರರ ಒಪ್ಪಿಗೆಯಂತೆ, ಪಂಚರ ಸಮಕ್ಷಮ, ಸಿಕ್ಕ ಜಾಗದಲ್ಲೇ ಆರನ್ನೂ ಬೇರೆ ಬೇರೆಯಾಗಿ ಹೂಳಲಾಯಿತು."