ಹಳೆಯ ಅಳತೆಯ ಅಂಗಿ

ಟ್ರಯಲ್ ರೂಮಿನ ಪರದೆ ಸರಿಸಿ ಹೊರಬಂದವಳೇ ಹೊಸ ಅಂಗಿಯನ್ನು ಕಟಿಂಗ್ ಮಾಸ್ಟರ್ ಮುಖಕ್ಕೆ ಎಸೆದಳು.

"ಇದನ್ನ ಯಾರ ಮೈಗೆ ಹೊಲಿದ್ರಿ?"

ಅದೇ ಅಂಗಡಿಯಲ್ಲಿ ಹೊಲಿಯುವವಳು ಅವಳು. ಪ್ರೀತಿ ಅಂತ ಬಾಯಿಬಿಟ್ಟು ಹೇಳಲು ಬಾರದ ಪ್ರಾಣಿ ಅವನು, ಕತ್ತರಿಯಲ್ಲಿ ಹೇಳಲು ಹೊರಟಿದ್ದ. ಅಳತೆ ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು, ಅಂಗಡಿಯ ಮೊಳೆಗೆ ನೇತುಹಾಕಿದ್ದ ಕಾಗದದ ಪ್ಯಾಟರ್ನ್‌ಗಳಲ್ಲಿ ಅವಳದ್ದನ್ನು ಹುಡುಕಿ, ಬಟ್ಟೆಯ ಮೇಲಿಟ್ಟು ಕತ್ತರಿಸಿದ್ದ.

ಆ ಕಾಗದ ಆಪರೇಷನ್‌ಗೆ ಮುಂಚಿನದು. ಈಗ ಅವಳಿಗೆ ಎಡ ಸ್ತನ ಇರಲಿಲ್ಲ.

ಹೊಸದಾಗಿ ಸೇರಿದವನಿಗೆ ಅದು ಗೊತ್ತಿರಲಿಲ್ಲ. ಅವಳೋ, ಅಂಗಡಿಯ ಒಡತಿಯಾದ ಅತ್ತಿಗೆ ಎಲ್ಲ ಹೇಳಿರುತ್ತಾಳೆ ಅಂದುಕೊಂಡಿದ್ದಳು. 'ಮೊದಲಿನ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ತಾನೇ ಇವನ ಅರ್ಥ...' ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತು ಅತ್ತಳು.

ಆ ಸಂಜೆ ಅತ್ತಿಗೆ ಅವನನ್ನು ಕರೆದು ಎಲ್ಲ ಹೇಳಿದಳು. ಗಾಯದ ಸುತ್ತ, ಕಂಕುಳಲ್ಲಿ ಆಗಾಗ ಮುಟ್ಟಿ ನೋಡಿಕೊಳ್ಳಬೇಕೆಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಇವಳು ದೀಪ ಆರಿಸಿಯೇ ಸ್ನಾನ ಮಾಡುತ್ತಾಳಂತೆ. ತಪಾಸಣೆಗೂ ಹೋಗಿಲ್ಲವಂತೆ. ಕೇಳಿದರೆ ಅವಳದ್ದು ಒಂದೇ ಮಾತು: "ಈ ಮೈ ನನಗೆ ಮೋಸ ಮಾಡ್ತು. ನಾನ್ಯಾಕೆ ಇದನ್ನ ವಿಚಾರಿಸ್ಕೊಳ್ಳಲಿ?"

ಮರುದಿನ ಮಧ್ಯಾಹ್ನ ಅವನು ಅವಳೆದುರು ಬಂದು ನಿಂತ.

"ತಪ್ಪಾಯ್ತು. ಅಳತೆ ಕೇಳ್ದೆ ಕತ್ತರಿ ಹಾಕ್ಬಾರ್ದಿತ್ತು. ಈಗಿನದು ಕೊಡ್ತೀರಾ? ನಾನು ಮುಟ್ಟಲ್ಲ, ನೋಡಲ್ಲ. ಒಳಗೆ ನೀವೇ ತಗೊಂಡು ಹೇಳಿ."

ಬೇಡ ಅನ್ನಬೇಕೆಂದಿದ್ದಳು. ಅವನ ಮುಖ ನೋಡಿ ಟೇಪು ತೆಗೆದುಕೊಂಡು ಒಳಗೆ ಹೋದಳು.

ಎಷ್ಟು ಹೆಂಗಸರ ಅಳತೆ ತೆಗೆದಿದ್ದಳೋ! ಹೊಟ್ಟೆ ಬಂದಿದೆ, ಬೆನ್ನು ಬಾಗಿದೆ ಅಂತ ನಾಚಿದವರಿಗೆಲ್ಲ, "ಮೈ ಅಂದ್ಮೇಲೆ ಹಂಗೇ ಅಕ್ಕ, ಬಟ್ಟೆನೇ ಹೊಂದ್ಕೊಳ್ಳಲಿ ಬಿಡಿ" ಅಂದವಳು ಇವಳೇ. ತನಗೆ ಮಾತ್ರ ಒಂದು ದಿನವೂ ಹಾಗೆ ಹೇಳಿಕೊಂಡಿರಲಿಲ್ಲ.

ಕನ್ನಡಿಯಲ್ಲಿ ಗಾಯದ ಗುರುತು ಕಂಡಿತು. ಅಸಹ್ಯ ಬರುತ್ತದೆಂದು ಹೆದರಿದ್ದಳು, ಬಂದದ್ದು ಕನಿಕರ. 'ಇಷ್ಟು ಕೊಯ್ಸಿಕೊಂಡೂ ದಿನಾ ನನ್ನ ಹೊತ್ಕೊಂಡು ತಿರುಗ್ತಿದೀಯಲ್ಲ... ನಾನೇ ನಿನ್ನ ಕೈಬಿಟ್ಟೆ.' ಅಂಗೈಯನ್ನು ಮೆಲ್ಲಗೆ ಅದರ ಮೇಲಿಟ್ಟಳು.

ಟೇಪು ಕಂಕುಳ ಕೆಳಗೆ ಹಾಯುವಾಗ ಬೆರಳು ನಿಂತಿತು. ಗಟ್ಟಿಯಾದದ್ದೇನೋ, ಕಾಳಿನಷ್ಟು.

ಅಳತೆ ಕೇಳಿಬರದೆ ಹೊರಗೆ ಕಾಯುತ್ತಿದ್ದವನು ಏನಾಯಿತೆಂದು ಕೇಳಿದ.

"ಇಲ್ಲೊಂದು ಗಂಟಿದೆ."

ಅವನು ಪರದೆ ಮುಟ್ಟಲಿಲ್ಲ. "ಈಗ್ಲೇ ಆಸ್ಪತ್ರೆಗೆ ಹೋಗೋಣ" ಅಂದ.

"ಹೋಗೋಣ. ಈ ಸಲ ನಾನು ಈ ಮೈಯನ್ನ ಒಂಟಿ ಬಿಡಲ್ಲ. ಆದ್ರೆ ಅಳತೆ ಮತ್ತೆ ಬದಲಾಗ್ಬಹುದು, ಮಾಸ್ಟರ್..."

"ಆದಾಗ ಮತ್ತೆ ತಗೊಳ್ಳೋಣ. ಅಂಗಿ ಹೊಲಿಯೋಕೆ ಹೊರಟಿದ್ದು ನಿಮಗೆ. ನೀವು ಹೇಗಿದ್ರೂ ನಿಮಗೇ."

ಅವಳು ಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದಳು. ಕೈ ಮುಂದೆ ಚಾಚಿದಳು.

"ಹಿಡ್ಕೊಳ್ತೀರಾ? ನನಗೆ ಭಯ ಆಗ್ತಿದೆ."

"ನನಗೂ" ಅಂದ ಅವನು, ಹಿಡಿದುಕೊಂಡು.