ಆರನೇ ಲೈನ್ ದೊಡ್ಡದಾಯಿತು

ದೂರು ಠಾಣೆಗೆ ಬಂದದ್ದು ಮಂಗಳವಾರ ಸಂಜೆ 5.40ಕ್ಕೆ, ಯುದ್ಧ ಶುರುವಾದ ತೊಂಬತ್ತೆರಡನೆಯ ದಿನ. ತಂದವರು ವಿದ್ಯುತ್ ಉಪಕೇಂದ್ರದ ಎಂಜಿನಿಯರ್. ಮದ್ದುಗುಂಡು ಕಾರ್ಖಾನೆಗೆ ಹೋಗುವ ಆರನೇ ಲೈನು 4.10ರಿಂದ 4.52ರವರೆಗೆ ಬಂದ್ ಆಗಿತ್ತು ಎಂದು ಕೆಮ್ಮುತ್ತ ಹೇಳಿದರು. ಬಂದ್ ಮಾಡಲು ಫೋನಿನಲ್ಲಿ ಹೇಳಿದ್ದು ಅವರದೇ ದನಿ.

"ನೀವೇ ಹೇಳಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನಾಗ ಹಲ್ಲಿನ ಡಾಕ್ಟರ್ ಹತ್ರ ಬಾಯಿ ಕಳ್ಕೊಂಡು ಕೂತಿದ್ದೆ."

"ಕಳ್ಕೊಂಡ ಬಾಯಿ ಯಾರಿಗೋ ಸಿಕ್ಕಿದೆ," ಎಂದರು ಹೆಡ್ ಕಾನ್ಸ್‌ಟೇಬಲ್. ಯಾರೂ ನಗಲಿಲ್ಲ.

ಯುದ್ಧಕಾಲದ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಕಲಮಿನಡಿ ಎಫ್‌ಐಆರ್ ಆಯಿತು. ರಕ್ಷಣಾ ಕಾರ್ಖಾನೆಯ ಕರೆಂಟನ್ನು ಬೇಕೆಂದು ನಿಲ್ಲಿಸಿದವನಿಗೆ ಹದಿನಾಲ್ಕು ವರ್ಷ. ಯಾಕೆ ನಿಲ್ಲಿಸಿದ ಎಂಬುದಕ್ಕೆ ಫಾರಂನಲ್ಲಿ ಜಾಗವಿರಲಿಲ್ಲ.

6.30ಕ್ಕೆ ಉಪಕೇಂದ್ರದಲ್ಲಿ ಪಂಚನಾಮೆ. ಫೋನಿನ ಆದೇಶವನ್ನು ಕೇಳಿದ ಹಾಗೆಯೇ ಬರೆದುಕೊಳ್ಳುವುದು ಅಲ್ಲಿನ ನಿಯಮ. ಆಪರೇಟರ್ ಲಾಗ್ ಪುಸ್ತಕ ತೆರೆದ: "4.10. ಸಾಹೇಬರು. ಕೆಮ್ಮು. ಆರು ದೊಡ್ಡದು ಮಾಡು."

"ಕೆಮ್ಮನ್ನೂ ಬರೆದಿದ್ದೀಯಲ್ಲಯ್ಯ," ಎಂದರು ಇನ್‌ಸ್ಪೆಕ್ಟರ್.

"ಕೇಳಿದ್ದೆಲ್ಲ ಬರೀಬೇಕು ಸಾರ್."

"ದೊಡ್ಡದು ಅಂದ್ರೆ ಜಾಸ್ತಿ. ನೀನ್ಯಾಕೆ ಬಂದ್ ಮಾಡ್ದೆ?"

"ದೀಪ ಆರಿಸು ಅನ್ನೋಕೆ ನಮ್ಮಜ್ಜಿ ಬಿಡ್ತಿರಲಿಲ್ಲ ಸಾರ್, ಕೆಟ್ಟ ಮಾತು ಅಂತ. ದೊಡ್ಡದು ಮಾಡು ಅನ್ಬೇಕು. ಹಾಗೇ ತಿಳ್ಕೊಂಡೆ."

ಇನ್‌ಸ್ಪೆಕ್ಟರ್ ಎಂಜಿನಿಯರ್ ಕಡೆ ತಿರುಗಿದರು. "ನೀವು ಏನಂತೀರಿ?"

"ಟ್ರಿಪ್ ಮಾಡು ಅಂತೀನಿ. ನಮ್ಮನೇಲಿ ಈ ದೊಡ್ಡದು ಚಿಕ್ಕದು ಏನೂ ಇಲ್ಲ."

ದನಿ ಕದ್ದವನು ಪದವನ್ನು ಮಾತ್ರ ತನ್ನ ಮನೆಯಿಂದ ತಂದಿದ್ದ. ಕರೆ ಬಂದದ್ದು ಕಾರ್ಖಾನೆ ಗೇಟಿನ ಎದುರು ಇರುವ ಲೈನ್‌ಮನ್ ಗೂಡಿನ ಫೋನಿನಿಂದ. ಗೂಡಿನ ಕೀಲಿ ಒಂಬತ್ತು ಜನರ ಬಳಿ ಇತ್ತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬೊಬ್ಬರನ್ನೇ ದಾಖಲೆ ಕೋಣೆಗೆ ಕರೆದರು. ವಿಚಾರಣೆ ಮುಗಿದು ಎದ್ದವರಿಗೆ ಇನ್‌ಸ್ಪೆಕ್ಟರ್ ಮಾತಿಲ್ಲದೆ ಬಾಗಿಲ ಬಳಿಯ ಸ್ವಿಚ್ ತೋರಿಸುತ್ತಿದ್ದರು. ಎಂಟು ಮಂದಿ "ಆಫ್ ಮಾಡ್ಲಾ?" ಎಂದರು. ಒಂಬತ್ತನೆಯವನು ಮೀಟರ್ ಮೆಕ್ಯಾನಿಕ್. ಟೀ ಹೊತ್ತಿನಲ್ಲಿ ಅಧಿಕಾರಿಗಳ ದನಿಗಳನ್ನೆಲ್ಲ ಮಾಡಿ ತೋರಿಸುವವನು. ಎಲ್ಲರ ಬಾಯಲ್ಲೂ ಅವನು ರೇಡಿಯೋ.

"ದೊಡ್ಡದು ಮಾಡ್ಲಾ ಸಾರ್?"

ಕೈ ಸ್ವಿಚ್ ಮೇಲೆಯೇ ನಿಂತಿತು. ಅವನಿಗೂ ಗೊತ್ತಾಯಿತು.

"ಕೂತ್ಕೋ," ಎಂದರು ಇನ್‌ಸ್ಪೆಕ್ಟರ್. "ಟ್ರಿಪ್ ಮಾಡು ಅಂದಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ಕೆಮ್ಮು ಸರಿ ಬಂತು ಸಾರ್. ಆಮೇಲೆ ಅಮ್ಮನ ಮಾತು ಬಂದ್ಬಿಡ್ತು. ಎರಡು ಗಂಟೆಗೆ ತೀರ್ಕೊಂಡಿದ್ಲು."

"ಅದಕ್ಕೂ ಲೈನಿಗೂ ಏನು ಸಂಬಂಧ?"

"ಅಣ್ಣ ಕಾರ್ಖಾನೆ ಒಳಗೆ ಲೇತ್ ಮಷಿನ್ ಮೇಲಿದ್ದ. ಪಾಳಿ ಬಿಟ್ಟು ಬಂದ್ರೆ ಅದಕ್ಕೂ ಒಂದು ಕಲಮಿದೆ. ಗೇಟಲ್ಲಿ ಚೀಟಿ ಕೊಟ್ಟೆ. ಎಂಟಕ್ಕೆ ಪಾಳಿ ಮುಗಿದ ಮೇಲೆ ಕೊಡ್ತೀವಿ ಅಂದ್ರು. ಸ್ಮಶಾನ ಆರಕ್ಕೇ ಮುಚ್ತಾರೆ. ಕರೆಂಟ್ ಹೋದ್ರೆ ಮಾತ್ರ ಎಲ್ರನ್ನೂ ಅಂಗಳಕ್ಕೆ ಬಿಡ್ತೀವಿ ಅಂದ ಗಾರ್ಡು. ಅಮ್ಮನ್ನ ವ್ಯಾನಲ್ಲಿ ತಂದು ಬೇಲಿ ಹತ್ರ ನಿಲ್ಲಿಸಿ ಫೋನ್ ಮಾಡ್ದೆ. ಒಂದ್ಸಲ ಮುಖ ನೋಡ್ಲಿ ಅಂತ."

"ನೋಡಿದ್ನಾ?"

"ನಲವತ್ತೆರಡು ನಿಮಿಷ ಕಾಯ್ದೆ. ಎಲ್ರೂ ಬಂದ್ರು, ಅವನು ಬರಲಿಲ್ಲ."

ಹೆಡ್ ಕಾನ್ಸ್‌ಟೇಬಲ್ "ಕಾಯ್ದೆ" ಎಂದು ಬರೆದರು. ಹಾಳೆಯ ತಲೆಯಲ್ಲೂ ಅದೇ ಅಕ್ಷರಗಳು ಅಚ್ಚಾಗಿದ್ದವು. ಬೇರೆ ದಿನವಾಗಿದ್ದರೆ ಏನಾದರೂ ಅನ್ನುತ್ತಿದ್ದರು.

10.50ಕ್ಕೆ ದಸ್ತಗಿರಿ.

ಹನ್ನೆರಡಕ್ಕೆ ಕಾರ್ಖಾನೆಯ ಗಾರ್ಡ್ ಕೋಣೆಯಲ್ಲಿ ಅಣ್ಣನ ಹೇಳಿಕೆ. ತಾಯಿಯ ಸುದ್ದಿ ಅವನಿಗೆ ರಾತ್ರಿ ಎಂಟಕ್ಕೆ ಚೀಟಿಯಲ್ಲಿ ಸಿಕ್ಕಿತ್ತು. ತಮ್ಮನ ವಿಷಯ ಇನ್ನೂ ತಿಳಿದಿರಲಿಲ್ಲ.

"ಕರೆಂಟ್ ಹೋದಾಗ ಎಲ್ಲಿದ್ದೆ?"

"ಲೇತ್ ಪಕ್ಕದಲ್ಲೇ ಸಾರ್. ಎಲ್ರೂ ಅಂಗಳಕ್ಕೆ ಹೋದ್ರು. ನಂಗೆ ಮೂರು ಪಾಳಿಯಿಂದ ನಿದ್ದೆ ಇರ್ಲಿಲ್ಲ. ಸದ್ದು ನಿಂತಿದ್ದೇ ನೆಲಕ್ಕೆ ಒರಗಿಬಿಟ್ಟೆ. ಅಂಥ ನಿದ್ದೆ ಬಂದು ಎಷ್ಟು ದಿನ ಆಗಿತ್ತೋ." ಕಣ್ಣುಜ್ಜಿಕೊಂಡ. "ಯಾವ ಪುಣ್ಯಾತ್ಮ ತೆಗೆದ್ನೋ ಕರೆಂಟ್."

ಹೆಡ್ ಕಾನ್ಸ್‌ಟೇಬಲ್ ಪೆನ್ ಎತ್ತಿದರು. "ಪುಣ್ಯಾತ್ಮ ಅಂತಾನೂ ಬರೀಲಾ ಸಾರ್?"

"ಕೇಳಿದ್ದೆಲ್ಲ ಬರೀಬೇಕು," ಎಂದರು ಇನ್‌ಸ್ಪೆಕ್ಟರ್.